ಮೈನಸ್ ಹತ್ತರಿಂದ ಏಳನೇ ಸ್ಥಾನಕ್ಕೆ: ಸೌತಾಂಪ್ಟನ್‌ನ 2009–10ರ ಋತುವನ್ನು ಹೇಗೆ ಅಳೆಯಬೇಕು?

ತುಂಗಾತೀರ:

ಇಂಗ್ಲೆಂಡಿನ ಯಾವುದಾದರೂ ಫುಟ್‌ಬಾಲ್ ಕ್ಲಬ್ ಚೇತರಿಸಿಕೊಂಡ ಮಾತು ಬಂದರೆ ನಾವೆಲ್ಲ ಅದು ಬಡ್ತಿ ಪಡೆದ ವರ್ಷವನ್ನೇ ನೆನೆಯುತ್ತೇವೆ. ಸೌತಾಂಪ್ಟನ್ ವಿಷಯದಲ್ಲೂ ಹಾಗೆಯೇ ಆಗಿದೆ. 2011ರಲ್ಲಿ ಮೂರನೇ ಶ್ರೇಣಿಯ ಲೀಗ್ ಒನ್‌ನಿಂದ ಎರಡನೇ ಶ್ರೇಣಿಯ ಚಾಂಪಿಯನ್‌ಶಿಪ್‌ಗೆ, 2012ರಲ್ಲಿ ಅಲ್ಲಿಂದ ಅಗ್ರ ಶ್ರೇಣಿಯ ಪ್ರೀಮಿಯರ್ ಲೀಗ್‌ಗೆ ಏರಿದ ಆ ಎರಡು ವರ್ಷಗಳನ್ನು ಎಲ್ಲರೂ ಕೊಂಡಾಡುತ್ತಾರೆ. ಅದಕ್ಕೂ ಹಿಂದಿನ 2009–10ರ ಋತುವನ್ನು ಮಾತ್ರ ಪ್ಲೇಆಫ್ (ಮೂರರಿಂದ ಆರನೇ ಸ್ಥಾನದ ತಂಡಗಳು ಕೊನೆಯ ಬಡ್ತಿಗಾಗಿ ಆಡುವ ಪಂದ್ಯಗಳು) ತಪ್ಪಿದ ವರ್ಷವೆಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಆ ಕ್ಲಬ್ ನಿಜವಾಗಿ ಎದ್ದು ನಿಂತದ್ದು ಅದೇ ವರ್ಷ. ಮುಂದಿನ ಎರಡು ಬಡ್ತಿಗಳು ಅದರ ಫಲ. ಇದನ್ನು ಇಲ್ಲಿ ಸ್ವಲ್ಪ ವಿವರವಾಗಿ ಚರ್ಚಿಸೋಣವೆಂದು ಈ ಎಳೆಯನ್ನು ಆರಂಭಿಸುತ್ತಿದ್ದೇನೆ.

ಹಿನ್ನೆಲೆ ತಿಳಿಯದವರಿಗಾಗಿ ಕೆಲವು ಮಾತು. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬಂದರು ನಗರವಾದ ಸೌತಾಂಪ್ಟನ್‌ನ ಈ ಕ್ಲಬ್ 1885ರಲ್ಲಿ ಸೇಂಟ್ ಮೇರೀಸ್ ಚರ್ಚಿನ ಯುವಕರ ಸಂಘವಾಗಿ ಹುಟ್ಟಿತು. ಅಭಿಮಾನಿಗಳು ಅದನ್ನು ಇಂದಿಗೂ ಸೇಂಟ್ಸ್ ಎಂದೇ ಕರೆಯುವುದು ಅದರಿಂದಾಗಿ. ಎರಡನೇ ಶ್ರೇಣಿಯಲ್ಲಿದ್ದಾಗಲೇ 1976ರ ಎಫ್‌ಎ ಕಪ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಬಾಬಿ ಸ್ಟೋಕ್ಸ್ ಅವರ ಏಕೈಕ ಗೋಲಿನಿಂದ ಸೋಲಿಸಿದ್ದು ಅದರ ಇತಿಹಾಸದ ಅತಿ ದೊಡ್ಡ ಗೆಲುವು. ಸತತ 27 ವರ್ಷ ಅಗ್ರ ಶ್ರೇಣಿಯಲ್ಲಿ ಆಡಿ 2005ರಲ್ಲಿ ಕೆಳಗಿಳಿಯಿತು. ಅಲ್ಲಿಂದ ನಾಲ್ಕೇ ವರ್ಷಗಳಲ್ಲಿ, 2009ರ ಏಪ್ರಿಲ್‌ನಲ್ಲಿ, ಕ್ಲಬ್ಬಿನ ಮಾತೃಸಂಸ್ಥೆ ಸಾಲ ತೀರಿಸಲಾಗದೆ ಆಡಳಿತಾಧಿಕಾರಿಯ ಕೈಗೆ ಹೋಯಿತು. ತಂಡವೂ ಚಾಂಪಿಯನ್‌ಶಿಪ್‌ನಲ್ಲಿ 23ನೆಯದಾಗಿ ಮೂರನೇ ಶ್ರೇಣಿಗೆ, ಅಂದರೆ ಲೀಗ್ ಒನ್‌ಗೆ ಬಿತ್ತು. 1960ರ ನಂತರ ಆ ಶ್ರೇಣಿಯನ್ನೇ ಕಾಣದಿದ್ದ ಕ್ಲಬ್ ಅದು. ಅಷ್ಟು ಸಾಲದೆಂಬಂತೆ ಮುಂದಿನ ಋತುವಿಗೆ ಹತ್ತು ಅಂಕಗಳ ಕಡಿತವೂ ಬಂತು.

ಆ ಮೈನಸ್ ಹತ್ತರಿಂದ ಹೊರಟ ತಂಡ 46 ಪಂದ್ಯಗಳಲ್ಲಿ 23 ಗೆದ್ದು, 14 ಡ್ರಾ ಮಾಡಿಕೊಂಡು, ಒಂಬತ್ತನ್ನು ಮಾತ್ರ ಸೋತಿತು. ಹೊಡೆದ ಗೋಲು 85, ಬಿಟ್ಟುಕೊಟ್ಟದ್ದು 47. ಗಳಿಸಿದ್ದು 83 ಅಂಕ. ಪಟ್ಟಿಯಲ್ಲಿ ಉಳಿದದ್ದು 73. ಆರನೇ ಸ್ಥಾನದ ಹಡರ್ಸ್‌ಫೀಲ್ಡ್‌ಗೆ 80 ಅಂಕವಿದ್ದುದರಿಂದ ಸೌತಾಂಪ್ಟನ್ ಏಳನೆಯದಾಯಿತು. ಕಡಿತವಿಲ್ಲದಿದ್ದರೆ 82 ಅಂಕದ ಸ್ವಿಂಡನ್‌ಗಿಂತ ಮೇಲೆ, ಐದನೇ ಸ್ಥಾನದಲ್ಲಿ ನಿಂತು ಪ್ಲೇಆಫ್ ಆಡುತ್ತಿತ್ತು. ಈ ಋತುವನ್ನು ಸೋಲು ಎನ್ನುವವರು ಏನು ಹೇಳುತ್ತಾರೋ ಕೇಳುವ ಕುತೂಹಲ ನನಗಿದೆ.

ಲೆಕ್ಕಪತ್ರ:

ತುಂಗಾತೀರ ಅವರೇ, ಅಂಕ ಕಡಿತದ ಹಿಂದಿನ ನಿಯಮವನ್ನು ಸ್ವಲ್ಪ ಬಿಡಿಸಿ ಹೇಳುವ ಅಗತ್ಯವಿದೆ, ಏಕೆಂದರೆ ಇಡೀ ಋತುವಿನ ಸ್ವರೂಪವನ್ನು ನಿರ್ಧರಿಸಿದ್ದೇ ಅದು.

ಸಾಲ ಕೊಟ್ಟವರ ಕಾಟ ತಡೆಯಲಾಗದ ಸಂಸ್ಥೆಯನ್ನು ಮುಚ್ಚಿಬಿಡುವ ಬದಲು, ಕಾನೂನಿನ ರಕ್ಷಣೆಯಲ್ಲಿಟ್ಟು, ಹೊರಗಿನ ಆಡಳಿತಾಧಿಕಾರಿಯೊಬ್ಬರು ನಡೆಸಿ, ಯಾರಾದರೂ ಕೊಳ್ಳುವವರನ್ನು ಹುಡುಕುವ ವ್ಯವಸ್ಥೆ ಇಂಗ್ಲೆಂಡಿನಲ್ಲಿದೆ. ಈ ದಾರಿಯಲ್ಲಿ ಸಾಲವನ್ನು ಕೊಡವಿಕೊಂಡ ಕ್ಲಬ್, ನ್ಯಾಯವಾಗಿ ಸಾಲ ತೀರಿಸುತ್ತ ಆಡುವ ಕ್ಲಬ್ಬಿಗಿಂತ ಲಾಭ ಪಡೆಯಬಾರದೆಂದು ಫುಟ್‌ಬಾಲ್ ಲೀಗ್ ಹತ್ತು ಅಂಕಗಳ ದಂಡವನ್ನು ಇಟ್ಟಿತು. ಆದರೆ 2007ರಲ್ಲಿ ಲೀಡ್ಸ್ ಯುನೈಟೆಡ್, ತಾನು ಕೆಳಗಿಳಿಯುವುದು ಹೆಚ್ಚುಕಡಿಮೆ ಖಚಿತವಾದ ಮೇಲೆ, ಋತುವಿನ ಕೊನೆಯ ಪಂದ್ಯಕ್ಕೆ ಮುನ್ನ ಆಡಳಿತಕ್ಕೆ ಒಳಗಾಯಿತು. ಹೇಗೂ ಬಿದ್ದ ತಂಡಕ್ಕೆ ಹತ್ತು ಅಂಕ ಹೋದರೇನು, ಉಳಿದರೇನು? ದಂಡಕ್ಕೆ ಅರ್ಥವೇ ಉಳಿಯಲಿಲ್ಲ. ಆ ಬಳಿಕ ಲೀಗ್ ಮಾರ್ಚ್ ತಿಂಗಳ ನಾಲ್ಕನೇ ಗುರುವಾರವನ್ನು ಗಡುವಾಗಿ ಗೊತ್ತುಪಡಿಸಿತು. ಗಡುವು ದಾಟಿದ ಮೇಲೆ ಆಡಳಿತಕ್ಕೆ ಹೋದ ಕ್ಲಬ್ ತನ್ನ ಸ್ಥಾನದಿಂದಲೇ ಕೆಳಗಿಳಿದರೆ ದಂಡವು ಮುಂದಿನ ಋತುವಿಗೆ ಹೋಗುತ್ತದೆ.

2009ರಲ್ಲಿ ಆ ಗಡುವು ಮಾರ್ಚ್ 26. ಸೌತಾಂಪ್ಟನ್‌ನ ಮಾತೃಸಂಸ್ಥೆಯಾದ ಸೌತಾಂಪ್ಟನ್ ಲೀಷರ್ ಹೋಲ್ಡಿಂಗ್ಸ್ ಆಡಳಿತಕ್ಕೆ ಹೋದದ್ದು ಏಪ್ರಿಲ್ 2ರಂದು. ಆಡಳಿತಕ್ಕೆ ಹೋಗಿರುವುದು ಮಾತೃಸಂಸ್ಥೆಯೇ ಹೊರತು ಫುಟ್‌ಬಾಲ್ ಕ್ಲಬ್ ಅಲ್ಲ ಎಂಬ ವಾದವನ್ನು ಮುಂದಿಟ್ಟಿದ್ದರು. ಲೀಗ್ ಲೆಕ್ಕಪುಸ್ತಕಗಳನ್ನು ತರಿಸಿ ನೋಡಿ, ಇವೆರಡನ್ನೂ ಬೇರ್ಪಡಿಸಲಾಗದು ಎಂದು ತೀರ್ಮಾನಿಸಿತು. ನನಗೆ ಆ ತೀರ್ಮಾನ ಸರಿಯೆಂದೇ ತೋರುತ್ತದೆ. ಕ್ರೀಡಾಂಗಣದ ಸಾಲ, ಬ್ಯಾಂಕಿನ ಓವರ್‌ಡ್ರಾಫ್ಟ್, ಆಟಗಾರರ ಸಂಬಳ ಎಲ್ಲವೂ ಒಂದೇ ಆದಾಯದ ಮೇಲೆ ನಿಂತಿದ್ದಾಗ, ಕಾಗದದ ಮೇಲೆ ಎರಡು ಸಂಸ್ಥೆಗಳಿದ್ದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ.

ಅಭಿಮಾನಿಗಳ ನೋವು ಇದರಿಂದ ಕಡಿಮೆಯಾಗುವುದಿಲ್ಲವೆಂಬುದನ್ನೂ ಒಪ್ಪುತ್ತೇನೆ. ಸಾಲ ಮಾಡಿದವರು ಆಡಳಿತ ಮಂಡಳಿಯವರು. ದಂಡ ತೆತ್ತವರು ಮುಂದಿನ ಆಗಸ್ಟ್‌ನಲ್ಲಿ ಅಂಗಳಕ್ಕಿಳಿದ ಹುಡುಗರು.

ಹುಬ್ಬಳ್ಳಿ ಮಿಡ್‌ಫೀಲ್ಡ್:

ಲೆಕ್ಕಪತ್ರ ಅವರ ವಿವರಣೆ ಬಹಳ ಉಪಯುಕ್ತ. ಆದರೆ ತುಂಗಾತೀರ ಅವರ ಮೂಲ ವಾದವನ್ನು ನಾನು ಒಪ್ಪಲಾರೆ.

ಮೊದಲನೆಯದಾಗಿ, ಈ ಚೇತರಿಕೆಯ ಹಿಂದೆ ಹಣವಿತ್ತು. 2009ರ ಜುಲೈ 8ರಂದು ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿದ್ದ ಉದ್ಯಮಿ ಮಾರ್ಕುಸ್ ಲೀಬ್‌ಹೆರ್ ಕ್ಲಬ್ಬನ್ನು ಕೊಂಡರು. ಬಂದರುಗಳಲ್ಲಿ, ಕಟ್ಟಡಗಳ ಮೇಲೆ ನಾವು ನೋಡುವ ಲೀಬ್‌ಹೆರ್ ಕ್ರೇನ್‌ಗಳ ಕುಟುಂಬದವರೇ ಅವರು. ಮೂರನೇ ಶ್ರೇಣಿಯಲ್ಲಿ ಬೇರೆ ಕ್ಲಬ್‌ಗಳು ಪೈಸೆ ಪೈಸೆ ಎಣಿಸುತ್ತಿದ್ದಾಗ ಸೌತಾಂಪ್ಟನ್ ಒಬ್ಬ ಸ್ಟ್ರೈಕರ್‌ಗೆ ಸುಮಾರು ಹತ್ತು ಲಕ್ಷ ಪೌಂಡ್ ಕೊಟ್ಟಿತು. ಜನವರಿಯಲ್ಲಿ ಮತ್ತೆ ಹಲವರನ್ನು ಕೊಂಡಿತು. ಅಂಥ ತಂಡ ಏಳನೆಯದಾಗುವುದು ಸಾಧನೆಯಲ್ಲ.

ಎರಡನೆಯದಾಗಿ, ನಾರ್ವಿಚ್ ಸಿಟಿಯನ್ನು ನೋಡಿ. ಅದೂ ಅದೇ ವರ್ಷ ಚಾಂಪಿಯನ್‌ಶಿಪ್‌ನಿಂದ ಸೌತಾಂಪ್ಟನ್ ಮತ್ತು ಚಾರ್ಲ್ಟನ್ ಜೊತೆಗೇ ಕೆಳಗಿಳಿದ ತಂಡ. ಋತುವಿನ ಮೊದಲ ದಿನವೇ ತವರಿನಲ್ಲಿ ಕೋಲ್ಚೆಸ್ಟರ್ ವಿರುದ್ಧ 1–7ರಿಂದ ಸೋತು ಮಾನ ಕಳೆದುಕೊಂಡಿತು. ಕೆಲವೇ ದಿನಗಳಲ್ಲಿ ಮ್ಯಾನೇಜರನ್ನು ತೆಗೆದು, ತಮ್ಮನ್ನು ಹಾಗೆ ಸೋಲಿಸಿದ ಕೋಲ್ಚೆಸ್ಟರ್‌ನ ಮ್ಯಾನೇಜರ್ ಪಾಲ್ ಲ್ಯಾಂಬರ್ಟ್ ಅವರನ್ನೇ ಕರೆತಂದಿತು. ಮೇ ಹೊತ್ತಿಗೆ 95 ಅಂಕಗಳೊಂದಿಗೆ ಲೀಗ್ ಗೆದ್ದಿತು. ಚೇತರಿಕೆಯ ಋತು ಎಂದರೆ ಅದು. ಸೌತಾಂಪ್ಟನ್‌ಗೆ ಕಡಿತದ ಹತ್ತು ಅಂಕ ಮರಳಿ ಕೊಟ್ಟರೂ ನಾರ್ವಿಚ್‌ಗಿಂತ ಹನ್ನೆರಡು ಅಂಕ ಹಿಂದೆಯೇ ಉಳಿಯುತ್ತದೆ. ಮ್ಯಾನೇಜರ್ ಅಲನ್ ಪಾರ್ಡ್ಯೂ ಆರಂಭದ ವಾರಗಳನ್ನು ಕೈಚೆಲ್ಲಿದ್ದೇ ಇದಕ್ಕೆ ಕಾರಣವೆಂಬುದು ನನ್ನ ನಿಲುವು.

ಇಚೆನ್ ದಂಡೆ:

ನಾನು ಆ ವರ್ಷ ಸೌತಾಂಪ್ಟನ್‌ನಲ್ಲಿ ಓದುತ್ತಿದ್ದೆ. ಬಿಡುವಿದ್ದ ಶನಿವಾರಗಳಲ್ಲಿ ಸೇಂಟ್ ಮೇರೀಸ್ ಕ್ರೀಡಾಂಗಣಕ್ಕೆ ಹೋಗುತ್ತಿದ್ದೆ. ಹುಬ್ಬಳ್ಳಿ ಮಿಡ್‌ಫೀಲ್ಡ್ ಅವರು ಆರಂಭದ ವಾರಗಳ ಬಗ್ಗೆ ಹೇಳಿರುವುದರಿಂದ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ.

ಲೀಬ್‌ಹೆರ್ ಕ್ಲಬ್ ಕೊಂಡದ್ದು ಜುಲೈ 8ರಂದು, ಪಾರ್ಡ್ಯೂ ನೇಮಕವಾದದ್ದು ಜುಲೈ 17ರಂದು, ಮಿಲ್ವಾಲ್ ವಿರುದ್ಧ ಮೊದಲ ಪಂದ್ಯ ಆಗಸ್ಟ್ 8ರಂದು. ಮಧ್ಯೆ ಉಳಿದದ್ದು ಮೂರೇ ವಾರ. ಅದಕ್ಕೂ ಮುನ್ನ ಆಡಳಿತಾಧಿಕಾರಿಯ ಕಾಲದಲ್ಲಿ ಕೊಳ್ಳುವವರೇ ಸಿಗದೆ, ಕ್ಲಬ್ ಮುಚ್ಚಿಯೇ ಹೋಗುತ್ತದೆಂಬ ಭಯ ಊರಿನಲ್ಲಿ ಆವರಿಸಿತ್ತು. ಹಳೆಯ ತಾರೆ ಮ್ಯಾಟ್ ಲೆ ಟಿಸಿಯೆ ಮುಂದೆ ನಿಂತಿದ್ದ ಪಿನಕಲ್ ಎಂಬ ಗುಂಪಿನ ಪ್ರಯತ್ನ ಮುರಿದುಬಿದ್ದಾಗ ಆ ಭಯ ಇನ್ನೂ ಹೆಚ್ಚಾಯಿತು. ಕೈಯಲ್ಲಿದ್ದ ಒಳ್ಳೆಯ ಆಟಗಾರರನ್ನು ಮಾರಿಯಾಗಿತ್ತು: ಆಂಡ್ರ್ಯೂ ಸರ್ಮನ್ ವುಲ್ವ್ಸ್‌ಗೆ ಹೋದರು, ಡೇವಿಡ್ ಮೆಕ್‌ಗೋಲ್ಡ್ರಿಕ್ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಹೋದರು. ಮಿಲ್ವಾಲ್ ಪಂದ್ಯ 1–1ರಲ್ಲಿ ಮುಗಿದಾಗ ನೀವು ಹೇಳಿದ ಆ ಸ್ಟ್ರೈಕರ್ ರಿಕಿ ಲ್ಯಾಂಬರ್ಟ್ ಇನ್ನೂ ತಂಡಕ್ಕೆ ಬಂದಿರಲಿಲ್ಲ; ಅವರು ಸಹಿ ಹಾಕಿದ್ದು ಎರಡು ದಿನಗಳ ನಂತರ. ಅರ್ಧ ತಂಡ ಋತು ಆರಂಭವಾದ ಮೇಲೆ ಜೋಡಣೆಯಾಯಿತು. ನಾರ್ವಿಚ್‌ಗೆ ಮ್ಯಾನೇಜರ್ ಬದಲಾದರೂ ತಂಡ ಬೇಸಿಗೆಯಲ್ಲೇ ಸಿದ್ಧವಾಗಿತ್ತು.

ಲ್ಯಾಂಬರ್ಟ್ ಬಗ್ಗೆ ಹೇಳದಿದ್ದರೆ ಈ ಋತುವಿನ ಮಾತು ಪೂರ್ಣವಾಗುವುದಿಲ್ಲ. ಲಿವರ್‌ಪೂಲ್ ಬಳಿಯ ಕರ್ಕ್‌ಬಿಯ ಈ ಆಟಗಾರ ಹದಿಹರೆಯ ದಾಟುವ ಹೊತ್ತಿಗೆ ಬ್ಲ್ಯಾಕ್‌ಪೂಲ್ ಕ್ಲಬ್ಬಿನಿಂದ ಹೊರಬಿದ್ದು, ಹೊಟ್ಟೆಪಾಡಿಗೆ ಬೀಟ್‌ರೂಟ್ ಕಾರ್ಖಾನೆಯಲ್ಲಿ ಜಾಡಿಗಳಿಗೆ ಮುಚ್ಚಳ ಹಾಕುವ ಕೆಲಸ ಮಾಡಿದವರು. ಕೆಳ ಶ್ರೇಣಿಗಳಲ್ಲಿ ಕ್ಲಬ್‌ನಿಂದ ಕ್ಲಬ್‌ಗೆ ಅಲೆದು ಬ್ರಿಸ್ಟಲ್ ರೋವರ್ಸ್‌ನಲ್ಲಿ ಹೆಸರು ಮಾಡಿದರು. ಓಟದಲ್ಲಿ ವೇಗವಿರಲಿಲ್ಲ. ಆದರೆ ಬೆನ್ನಿಗೆ ಡಿಫೆಂಡರ್ ಅಂಟಿಕೊಂಡಿರುವಾಗಲೇ ಎದೆಯ ಮೇಲೆ ಚೆಂಡನ್ನು ಇಳಿಸಿಕೊಂಡು, ತಲೆಯೆತ್ತಿ ನೋಡದೆ ಬದಿಯ ಆಟಗಾರನ ಹೆಜ್ಜೆಗೆ ಸರಿಯಾಗಿ ತಳ್ಳುವ ಅವರ ಕೌಶಲವನ್ನು ಆ ಶ್ರೇಣಿಯ ಅಂಗಳಗಳಲ್ಲಿ ನಾನು ಬೇರೆ ಯಾರಲ್ಲೂ ಕಾಣಲಿಲ್ಲ. ಪೆನಾಲ್ಟಿಗೆ ನಿಂತರೆಂದರೆ ಪ್ರೇಕ್ಷಕರು ಗೋಲಿಗೆ ಮೊದಲೇ ಕೈಯೆತ್ತುತ್ತಿದ್ದರು; ಸೌತಾಂಪ್ಟನ್ ಪರ ಅವರು ಹೊಡೆದ 34 ಪೆನಾಲ್ಟಿಗಳಲ್ಲಿ ಒಂದೂ ತಪ್ಪಲಿಲ್ಲ. ಆ ಮೊದಲ ಋತುವಿನಲ್ಲಿ ಎಲ್ಲ ಸ್ಪರ್ಧೆಗಳೂ ಸೇರಿ 36 ಗೋಲು ಹೊಡೆದರು. 2013ರ ಆಗಸ್ಟ್‌ನಲ್ಲಿ, 31ನೇ ವಯಸ್ಸಿನಲ್ಲಿ, ಇಂಗ್ಲೆಂಡ್ ಪರ ಮೊದಲ ಬಾರಿ ಆಡಲು ಇಳಿದು ಸ್ಕಾಟ್ಲೆಂಡ್ ವಿರುದ್ಧ ಮೊದಲ ಸ್ಪರ್ಶದಲ್ಲೇ ಗೋಲು ಹೊಡೆದದ್ದು ಇದೇ ಲ್ಯಾಂಬರ್ಟ್. ಹತ್ತು ಲಕ್ಷ ಪೌಂಡ್ ದೊಡ್ಡ ಮೊತ್ತವೇ ಇರಬಹುದು, ಆದರೆ ಅದನ್ನು ಯಾರ ಮೇಲೆ ಹಾಕಬೇಕೆಂದು ತಿಳಿದಿರುವುದು ಹಣದಿಂದ ಬರುವ ಗುಣವಲ್ಲ.

ತುಂಗಾತೀರ:

ಇಚೆನ್ ದಂಡೆ ಅವರಿಗೆ ಧನ್ಯವಾದ. ಹುಬ್ಬಳ್ಳಿ ಮಿಡ್‌ಫೀಲ್ಡ್ ಅವರೇ, ಹಣದ ಪಾತ್ರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಣ ಬಂದ ಕ್ಲಬ್‌ಗಳೆಲ್ಲ ಎದ್ದು ನಿಂತಿಲ್ಲ. ಆ ಹಣವನ್ನು ಏನು ಮಾಡಿದರೆಂಬುದನ್ನು ನೋಡಬೇಕು.

2010ರ ಜನವರಿಯನ್ನೇ ತೆಗೆದುಕೊಳ್ಳಿ. ಕ್ರಿಸ್ಟಲ್ ಪ್ಯಾಲೆಸ್‌ನಿಂದ ಜೋಸೆ ಫಾಂಟೆ ಎಂಬ ಪೋರ್ಚುಗೀಸ್ ಡಿಫೆಂಡರ್ ಬಂದರು. ಆಗ ಪ್ಯಾಲೆಸ್ ಚಾಂಪಿಯನ್‌ಶಿಪ್‌ನಲ್ಲಿತ್ತು; ಅಂದರೆ ಆತ ತನ್ನ ಇಪ್ಪತ್ತಾರರ ಹರೆಯದಲ್ಲಿ ಒಂದು ಶ್ರೇಣಿ ಕೆಳಗಿಳಿದು ಬರಲು ಒಪ್ಪಿಕೊಂಡರು. ಅಂಥವನನ್ನು ಒಪ್ಪಿಸಬೇಕಾದರೆ ಕ್ಲಬ್ ಎಲ್ಲಿಗೆ ಹೊರಟಿದೆಯೆಂಬ ಸ್ಪಷ್ಟ ಮಾತು ಬೇಕು. ಲೀಬ್‌ಹೆರ್ ಪರವಾಗಿ ಕ್ಲಬ್ ನಡೆಸುತ್ತಿದ್ದ ನಿಕೋಲಾ ಕೋರ್ಟೇಸೆ ಐದು ವರ್ಷಗಳಲ್ಲಿ ಪ್ರೀಮಿಯರ್ ಲೀಗ್ ತಲುಪುವ ಯೋಜನೆಯನ್ನು ಬಹಿರಂಗವಾಗಿಯೇ ಹೇಳಿದ್ದರು. ಆಗ ಅದನ್ನು ಕೇಳಿದ ಎಷ್ಟೋ ಮಂದಿ ಬಾಯಿಮಾತೆಂದು ತಳ್ಳಿಹಾಕಿದರು. ಫಾಂಟೆ ಮುಂದೆ ಆ ಕ್ಲಬ್ಬಿನ ನಾಯಕರಾದರು. 2016ರ ಯೂರೋ ಕಪ್ ಗೆದ್ದ ಪೋರ್ಚುಗಲ್ ತಂಡದಲ್ಲಿ ಫೈನಲ್ ಆಡಿದರು. ಆ ಒಂದು ಋತುವಿನ ಪ್ಲೇಆಫ್‌ಗಾಗಿ ಮಾತ್ರ ತಂಡ ಕಟ್ಟುತ್ತಿದ್ದರೆ ಅನುಭವಿಗಳಾದ ಹಳಬರನ್ನು ಎರವಲು ತಂದು ಕೆಲಸ ಮುಗಿಸಬಹುದಿತ್ತು. ಹಾಗೆ ಮಾಡಲಿಲ್ಲ ಎಂಬುದೇ ನನ್ನ ವಾದದ ತಿರುಳು.

ಶರಾವತಿ:

ನಾನು ಈ ಕ್ಲಬ್ಬನ್ನು ಬಲ್ಲದ್ದು ಅದರ ಅಕಾಡೆಮಿಯಿಂದ ಹೊರಬಂದವರ ಮೂಲಕ ಮಾತ್ರ: ಥಿಯೊ ವಾಲ್ಕಾಟ್, ಗ್ಯಾರೆತ್ ಬೇಲ್, ಆಡಂ ಲಲಾನ. ದಿವಾಳಿಯ ಅಂಚಿನಲ್ಲಿದ್ದಾಗಲೂ ಅಕಾಡೆಮಿ ಹೇಗೆ ಉಳಿಯಿತು? ಸಾಮಾನ್ಯವಾಗಿ ಖರ್ಚು ಕಡಿಮೆ ಮಾಡಬೇಕೆಂದಾಗ ಮೊದಲು ಕತ್ತರಿ ಬೀಳುವುದು ಅಲ್ಲಿಗೇ ಅಲ್ಲವೇ? ತಿಳಿದವರು ದಯವಿಟ್ಟು ಹೇಳಬೇಕು.

ಇಚೆನ್ ದಂಡೆ:

ಶರಾವತಿ ಅವರೇ, ಕ್ಲಬ್ ಬೀಳುತ್ತಿದ್ದ ವರ್ಷಗಳಲ್ಲಿ ಅದನ್ನು ಬದುಕಿಸಿದ್ದೇ ಅಕಾಡೆಮಿ. ವಾಲ್ಕಾಟ್ 2006ರ ಜನವರಿಯಲ್ಲಿ ಆರ್ಸೆನಲ್‌ಗೆ, ಬೇಲ್ 2007ರಲ್ಲಿ ಟಾಟನ್‌ಹ್ಯಾಮ್‌ಗೆ ಹೋದರು. ಇಬ್ಬರೂ ಇನ್ನೂ ಹದಿಹರೆಯದವರು. ಬಂದ ದುಡ್ಡು ಹಳೆಯ ಖರ್ಚಿಗೆ ಕರಗಿಹೋಯಿತು. 2008–09ರಲ್ಲಿ ಡಚ್ ತರಬೇತುದಾರ ಯಾನ್ ಪೋರ್ಟ್‌ಫ್ಲೀಟ್ ಅವರನ್ನು ಕರೆಸಿ ಬಹುತೇಕ ಹುಡುಗರನ್ನೇ ಆಡಿಸಿದರು. ಆಟ ನೋಡಲು ಚೆಂದವಿತ್ತು, ಆದರೆ ಚಾಂಪಿಯನ್‌ಶಿಪ್‌ನ ಬಲಿಷ್ಠ ತಂಡಗಳೆದುರು ಹುಡುಗರು ನಿಲ್ಲಲಿಲ್ಲ. ಪೋರ್ಟ್‌ಫ್ಲೀಟ್ ಜನವರಿಯಲ್ಲೇ ಹೊರಟುಹೋದರು.

ಅದೇ ಹುಡುಗರಲ್ಲಿ ಇಬ್ಬರು 2009ರ ಬೇಸಿಗೆಯಲ್ಲಿ ಮಾರಾಟವಾಗದೆ ಉಳಿದರು: ಅಕಾಡೆಮಿಯಲ್ಲೇ ಬೆಳೆದ ಲಲಾನ, ಮತ್ತು ಸ್ಟ್ರಾಸ್‌ಬೂರ್ಗ್‌ನಿಂದ ಹದಿನೆಂಟರಲ್ಲಿ ಬಂದಿದ್ದ ಫ್ರೆಂಚ್ ಮಿಡ್‌ಫೀಲ್ಡರ್ ಮೋರ್ಗನ್ ಶ್ನೈಡರ್ಲಿನ್. ಒಂದು ವರ್ಷ ಹಿಂದೆ ಒಂಟಿಯಾಗಿ ಹೆಣಗುತ್ತಿದ್ದ ಇವರ ಸುತ್ತ ಈಗ ಮೊದಲಿನಿಂದಲೂ ಇದ್ದ ಗೋಲ್‌ಕೀಪರ್ ಕೆಲ್ವಿನ್ ಡೇವಿಸ್ ಜೊತೆಗೆ ಡೀನ್ ಹ್ಯಾಮಂಡ್, ರಾಧಿ ಜೈದಿಯಂಥ ಗಟ್ಟಿಗರೂ ನಿಂತರು. ಲಲಾನ ಆ ಋತುವಿನಲ್ಲಿ 20 ಗೋಲು ಹೊಡೆದರು. ಅದೂ ಮಿಡ್‌ಫೀಲ್ಡರ್ ಆಗಿ. ಎದುರಾಳಿ ಎಡಕ್ಕೆ ವಾಲಿದರೆ ಬಲಗಾಲಿಗೆ, ಬಲಕ್ಕೆ ವಾಲಿದರೆ ಎಡಗಾಲಿಗೆ ಚೆಂಡು ಬದಲಿಸಿ ಒಳನುಗ್ಗುತ್ತಿದ್ದರು; ಎರಡು ಕಾಲೂ ಅಷ್ಟೇ ಸಲೀಸು.

ಮಾರ್ಚ್ 2ರ ರಾತ್ರಿಯ ಪಂದ್ಯವನ್ನೂ ಹೇಳಬೇಕು. ಹಡರ್ಸ್‌ಫೀಲ್ಡ್ ವಿರುದ್ಧ 5–0 ಗೆಲುವು. ಕೊನೆಗೆ ಆರನೇ ಸ್ಥಾನವನ್ನು ಕಸಿದುಕೊಂಡು ಪ್ಲೇಆಫ್ ಆಡಿದ ಹಡರ್ಸ್‌ಫೀಲ್ಡ್ ಅದೇ. ಆ ಪಂದ್ಯದಲ್ಲಿ ಬದಲಿ ಆಟಗಾರನಾಗಿ ಮೊದಲ ಬಾರಿ ಇಳಿದವನು ಹದಿನಾರು ವರ್ಷದ ಅಲೆಕ್ಸ್ ಆಕ್ಸ್‌ಲೇಡ್–ಚೇಂಬರ್ಲೇನ್. ಕ್ಲಬ್ಬಿನ ಇತಿಹಾಸದಲ್ಲಿ ಅವನಿಗಿಂತ ಚಿಕ್ಕ ವಯಸ್ಸಿನಲ್ಲಿ ಆಡಿದ್ದವನು ವಾಲ್ಕಾಟ್ ಒಬ್ಬನೇ. ಸಾಲದ ಹೊರೆ ಇಳಿದಿದ್ದರಿಂದ ಈ ಹುಡುಗನನ್ನು ಮರುದಿನವೇ ಮಾರುವ ಒತ್ತಡ ಇರಲಿಲ್ಲ. ಆತ ಮುಂದಿನ ಋತುವಿನ ಬಡ್ತಿಯಲ್ಲಿ ಪಾಲುಗೊಂಡು, 2011ರಲ್ಲಿ ಬಹಳ ಒಳ್ಳೆಯ ಬೆಲೆಗೆ ಆರ್ಸೆನಲ್‌ಗೆ ಹೋದ.

ಲೆಕ್ಕಪತ್ರ:

ಹೋಲಿಕೆಗೆ ನಾರ್ವಿಚ್ ಅನ್ನು ತೆಗೆದುಕೊಂಡದ್ದು ಅಷ್ಟು ಸರಿಯೆನಿಸುವುದಿಲ್ಲ. ನಾರ್ವಿಚ್‌ಗೆ ಸಾಲದ ತೊಂದರೆಯಿತ್ತು, ಆದರೆ ಅದು ಆಡಳಿತಕ್ಕೆ ಹೋಗಿರಲಿಲ್ಲ, ಅಂಕವೂ ಕಡಿತವಾಗಿರಲಿಲ್ಲ. ಅದೇ ದಾರಿಯಲ್ಲಿ ನಡೆದ ಬೇರೆ ಎರಡು ಕ್ಲಬ್‌ಗಳನ್ನು ನೋಡೋಣ.

ಲೀಡ್ಸ್ 2007–08ರಲ್ಲಿ ಇದೇ ಲೀಗ್ ಒನ್‌ನಲ್ಲಿ ಹದಿನೈದು ಅಂಕ ಕಡಿತದೊಂದಿಗೆ ಹೊರಟು ಐದನೇ ಸ್ಥಾನ ತಲುಪಿತು. ಪ್ಲೇಆಫ್ ಫೈನಲ್‌ನಲ್ಲಿ ಡಾನ್‌ಕಾಸ್ಟರ್‌ಗೆ 0–1ರಿಂದ ಸೋತಿತು. ಅಂಕಗಳ ಲೆಕ್ಕದಲ್ಲಿ ಅದು ಸೌತಾಂಪ್ಟನ್‌ಗಿಂತ ದೊಡ್ಡ ಸಾಧನೆ, ಇದರಲ್ಲಿ ಸಂದೇಹವಿಲ್ಲ. ಆದರೂ ಲೀಡ್ಸ್ ಚಾಂಪಿಯನ್‌ಶಿಪ್‌ಗೆ ಮರಳಲು 2010ರವರೆಗೆ, ಪ್ರೀಮಿಯರ್ ಲೀಗ್‌ಗೆ ಮರಳಲು 2020ರವರೆಗೆ ಕಾಯಬೇಕಾಯಿತು. ಒಂದು ಋತುವಿನ ಆವೇಶ ಮತ್ತು ಕ್ಲಬ್ಬಿನ ಆರೋಗ್ಯ ಬೇರೆ ಬೇರೆ ಎಂಬುದನ್ನು ಇದು ತೋರಿಸುತ್ತದೆ.

ಲೂಟನ್ ಟೌನ್‌ನ ಕಥೆ ಇನ್ನೂ ಕಠಿಣ. 2008–09ರಲ್ಲಿ ನಾಲ್ಕನೇ ಶ್ರೇಣಿಯಲ್ಲಿ ಅದಕ್ಕೆ ಮೂವತ್ತು ಅಂಕ ಕಡಿತವಾಯಿತು. ಆ ಸ್ಥಿತಿಯಲ್ಲೂ ವೆಂಬ್ಲಿಯಲ್ಲಿ ಸ್ಕಂತಾರ್ಪ್ ತಂಡವನ್ನು 3–2ರಿಂದ ಸೋಲಿಸಿ ಜಾನ್‌ಸ್ಟೋನ್ಸ್ ಪೇಂಟ್ ಟ್ರೋಫಿ ಗೆದ್ದಿತು, ಮತ್ತು ಅದೇ ಋತುವಿನಲ್ಲಿ ಲೀಗ್‌ನಿಂದಲೇ ಹೊರಬಿತ್ತು. ಮರಳಿದ್ದು ಐದು ವರ್ಷಗಳ ನಂತರ. ಮರುವರ್ಷ ಅದೇ ಟ್ರೋಫಿ ಗೆದ್ದದ್ದು ಸೌತಾಂಪ್ಟನ್. ಒಂದೇ ಟ್ರೋಫಿ, ಎರಡೂ ಕಡೆ ಅಂಕ ಕಡಿತ. ಆದರೆ ಬೆನ್ನ ಹಿಂದೆ ಸಾಲವಿಲ್ಲದ ಮಾಲೀಕರಿದ್ದ ಕ್ಲಬ್ ಮೇಲೇರಿತು. ಹಾಗಾಗಿ ಹುಬ್ಬಳ್ಳಿ ಮಿಡ್‌ಫೀಲ್ಡ್ ಅವರ ಹಣದ ವಾದದಲ್ಲಿ ಹುರುಳಿದೆ, ಅದು ಸೌತಾಂಪ್ಟನ್‌ನ ಸಾಧನೆಯನ್ನು ಕುಗ್ಗಿಸುವುದಿಲ್ಲ ಅಷ್ಟೆ.

ಹುಬ್ಬಳ್ಳಿ ಮಿಡ್‌ಫೀಲ್ಡ್:

ಲೂಟನ್ ಹೋಲಿಕೆ ಯೋಚಿಸುವಂತೆ ಮಾಡಿತು. ಆದರೂ ಫೆಬ್ರವರಿ 13ರ ಎಫ್‌ಎ ಕಪ್ ಪಂದ್ಯವನ್ನು ಯಾರೂ ಎತ್ತಿಲ್ಲ. ಐದನೇ ಸುತ್ತಿನಲ್ಲಿ ಸೇಂಟ್ ಮೇರೀಸ್‌ಗೆ ಬಂದದ್ದು ಪೋರ್ಟ್ಸ್‌ಮತ್, ಬದ್ಧ ವೈರಿ. ಲ್ಯಾಂಬರ್ಟ್ ಗೋಲಿನಿಂದ 1–1 ಆಗಿದ್ದ ಪಂದ್ಯ ಕೊನೆಯ ಹಂತದಲ್ಲಿ ಕೈಜಾರಿ 1–4ರಲ್ಲಿ ಮುಗಿಯಿತು. ಆ ಪೋರ್ಟ್ಸ್‌ಮತ್ ಆಗ ಪ್ರೀಮಿಯರ್ ಲೀಗ್‌ನಲ್ಲಿದ್ದರೂ ಹಣಕಾಸಿನಲ್ಲಿ ನೆಲಕಚ್ಚಿತ್ತು. ಆ ಪಂದ್ಯದ ಎರಡು ವಾರಗಳೊಳಗೆ ಆಡಳಿತಕ್ಕೆ ಹೋದ ಮೊದಲ ಪ್ರೀಮಿಯರ್ ಲೀಗ್ ಕ್ಲಬ್ ಅದಾಯಿತು. ಅಂಥ ತಂಡದೆದುರು ತವರಿನಲ್ಲಿ ಹಾಗೆ ಸೋತದ್ದನ್ನು ಚೇತರಿಕೆಯ ಲೆಕ್ಕದಲ್ಲಿ ಎಲ್ಲಿ ಸೇರಿಸುತ್ತೀರಿ?

ಇಚೆನ್ ದಂಡೆ:

ಆ ದಿನ ನಾನು ಅಂಗಳದಲ್ಲಿದ್ದೆ. ಒಂದು ತಾಸಿಗೂ ಹೆಚ್ಚು ಹೊತ್ತು ಸೌತಾಂಪ್ಟನ್ ಮೇಲುಗೈ ಸಾಧಿಸಿತ್ತು, ಅವಕಾಶಗಳನ್ನು ಗೋಲಾಗಿಸಲಿಲ್ಲ. ಎರಡು ಶ್ರೇಣಿ ಮೇಲಿನ ತಂಡ, ಮೂರ್ನಾಲ್ಕು ಅವಕಾಶ ಸಿಕ್ಕಾಗ ಒಂದನ್ನೂ ಬಿಡಲಿಲ್ಲ. ನೋವಾದದ್ದು ನಿಜ. ಆದರೆ ಸೋಲಿನ ನಂತರ ಕ್ರೀಡಾಂಗಣದಿಂದ ಊರಿನ ಕಡೆಗೆ ನಡೆಯುತ್ತಿದ್ದ ಜನ ಮಾತಾಡುತ್ತಿದ್ದದ್ದು ಮುಂದಿನ ಲೀಗ್ ಪಂದ್ಯದ ಬಗ್ಗೆ. ಹಿಂದಿನ ವರ್ಷ ಅದೇ ದಾರಿಯಲ್ಲಿ ಕೇಳುತ್ತಿದ್ದದ್ದು ಕ್ಲಬ್ ಉಳಿಯುವುದೋ ಇಲ್ಲವೋ ಎಂಬ ಮಾತು. ಮೂರನೇ ಶ್ರೇಣಿಯಲ್ಲಿದ್ದೂ ತವರಿನ ಪಂದ್ಯಗಳಿಗೆ ಸರಾಸರಿ 20,000ಕ್ಕೂ ಹೆಚ್ಚು ಜನ ಬಂದರು.

ಆರು ವಾರಗಳ ಬಳಿಕ, ಮಾರ್ಚ್ 28ರಂದು, ವೆಂಬ್ಲಿಯಲ್ಲಿ ಕಾರ್ಲೈಲ್ ವಿರುದ್ಧ ಟ್ರೋಫಿ ಫೈನಲ್. ಆಗ ಲೀಗ್‌ನ ಕೆಳಗಿನ ಎರಡು ಶ್ರೇಣಿಗಳ ತಂಡಗಳಿಗಷ್ಟೇ ಇದ್ದ ಸ್ಪರ್ಧೆ ಅದು. ದೊಡ್ಡ ಕ್ಲಬ್‌ಗಳ ಅಭಿಮಾನಿಗಳು ಅದರ ಹೆಸರನ್ನೂ ಕೇಳಿರುವುದಿಲ್ಲ. ಅಂದು ಕ್ರೀಡಾಂಗಣದಲ್ಲಿ 73,476 ಮಂದಿ ಇದ್ದರು, ಅವರಲ್ಲಿ ಹೆಚ್ಚಿನವರು ನಮ್ಮೂರಿನವರೇ. ಲ್ಯಾಂಬರ್ಟ್ ಪೆನಾಲ್ಟಿಯಿಂದ ಆರಂಭಿಸಿದರು, ವಿರಾಮಕ್ಕೆ ಮುನ್ನ ಲಲಾನ, ಆಮೇಲೆ ಪಾಪಾ ವೈಗೊ, ಮೈಕೆಲ್ ಆಂಟೋನಿಯೊ. 4–1. ನನ್ನ ಪಕ್ಕ ಕುಳಿತಿದ್ದ ಹಿರಿಯರೊಬ್ಬರು 1976ರ ಫೈನಲ್‌ಗೂ ಬಂದಿದ್ದವರು. ಅಲ್ಲಿಂದ ಇಲ್ಲಿಯವರೆಗೆ ಕ್ಲಬ್ ಗೆದ್ದ ಮೊದಲ ದೊಡ್ಡ ಕಪ್ ಇದೇ ಎಂದು ಅವರು ಮೊಮ್ಮಗನಿಗೆ ವಿವರಿಸುತ್ತಿದ್ದರು. ಟ್ರೋಫಿಯ ತೂಕವನ್ನು ಅದರ ಹೆಸರಿನಿಂದ ಅಳೆಯುವವರಿಗೆ ಇದು ಸಣ್ಣದೆನಿಸಬಹುದು. ಒಂದು ವರ್ಷ ಹಿಂದೆ ಮುಚ್ಚಿಹೋಗುವಂತಿದ್ದ ಕ್ಲಬ್ಬಿನ ಊರಿಗೆ ಅದು ಸಣ್ಣದಾಗಿರಲಿಲ್ಲ.

ಶರಾವತಿ:

ಹಾಗಿದ್ದರೆ ಅಷ್ಟು ಚೆನ್ನಾಗಿ ನಡೆಸಿದ ಪಾರ್ಡ್ಯೂ ಅವರನ್ನು ಏಕೆ ತೆಗೆದರು?

ತುಂಗಾತೀರ:

ಶರಾವತಿ ಅವರೇ, ಕ್ಲಬ್ ಅದಕ್ಕೆ ಸ್ಪಷ್ಟ ಕಾರಣ ಹೇಳಲಿಲ್ಲ. ಕಾಲಾನುಕ್ರಮ ಮಾತ್ರ ಹೀಗಿದೆ: 2010ರ ಆಗಸ್ಟ್ 10ರಂದು ಲೀಬ್‌ಹೆರ್ ತೀರಿಕೊಂಡರು, 62 ವರ್ಷ. ಕ್ಲಬ್ ಕೊಂಡು ಒಂದು ವರ್ಷವಷ್ಟೇ ಆಗಿತ್ತು. ಅದೇ ತಿಂಗಳ 30ರಂದು ಪಾರ್ಡ್ಯೂ ಹೊರಬಿದ್ದರು. ಅದಕ್ಕೆ ಎರಡು ದಿನ ಮೊದಲು ತಂಡ ಬ್ರಿಸ್ಟಲ್ ರೋವರ್ಸ್ ಅನ್ನು ಅವರದೇ ಅಂಗಳದಲ್ಲಿ 4–0ರಿಂದ ಸೋಲಿಸಿತ್ತು. ಕೋರ್ಟೇಸೆಗೂ ಪಾರ್ಡ್ಯೂಗೂ ಹೊಂದಿಕೆ ಇರಲಿಲ್ಲವೆಂದು ಪತ್ರಿಕೆಗಳು ಬರೆದವು. ನನಗೆ ಆ ವಜಾ ಇಂದಿಗೂ ಒಪ್ಪಿಗೆಯಾಗಿಲ್ಲ. ತಂಡ ಕಟ್ಟಿದವನಿಗೆ ಫಲ ಉಣ್ಣುವ ಅವಕಾಶ ಕೊಡಬೇಕಿತ್ತು.

ಆದರೆ ನನ್ನ ವಾದಕ್ಕೆ ಬಲ ಬರುವುದೂ ಇಲ್ಲಿಂದಲೇ. ಮಾಲೀಕ ಸತ್ತ, ಮ್ಯಾನೇಜರ್ ಹೋದ ತಿಂಗಳಲ್ಲಿ ಬೇರೆ ಕ್ಲಬ್ ಆಗಿದ್ದರೆ ತತ್ತರಿಸಿಬಿಡುತ್ತಿತ್ತು. ಇಲ್ಲಿ ಒಡೆತನ ಲೀಬ್‌ಹೆರ್ ಕುಟುಂಬದಲ್ಲೇ ಉಳಿದು, ಕ್ಲಬ್ಬಿಗೆ ಹಣ ಬರುವುದು ನಿಲ್ಲಲಿಲ್ಲ. ಹಿಂದೆ ಸ್ಕಂತಾರ್ಪ್‌ನಲ್ಲಿ ಫಿಸಿಯೊ ಆಗಿದ್ದು ಅಲ್ಲೇ ಮ್ಯಾನೇಜರ್ ಆಗಿ ಬೆಳೆದಿದ್ದ ನೈಜೆಲ್ ಆಡ್ಕಿನ್ಸ್ ಸೆಪ್ಟೆಂಬರ್‌ನಲ್ಲಿ ಬಂದರು. 2010–11ರಲ್ಲಿ 92 ಅಂಕಗಳೊಂದಿಗೆ ಬ್ರೈಟನ್‌ನ ಹಿಂದೆ ಎರಡನೆಯ ಸ್ಥಾನ, ಮರುವರ್ಷ 88 ಅಂಕಗಳೊಂದಿಗೆ ರೆಡಿಂಗ್‌ನ ಹಿಂದೆ ಎರಡನೆಯ ಸ್ಥಾನ. ಐದು ವರ್ಷದ ಯೋಜನೆ ಮೂರೇ ವರ್ಷಗಳಲ್ಲಿ ಕೈಗೂಡಿತು. 2012ರ ಆಗಸ್ಟ್‌ನಲ್ಲಿ ಪ್ರೀಮಿಯರ್ ಲೀಗ್‌ಗೆ ಮರಳಿದ ತಂಡದ ಪಟ್ಟಿ ತೆಗೆದು ನೋಡಿ: ಡೇವಿಸ್, ಫಾಂಟೆ, ಶ್ನೈಡರ್ಲಿನ್, ಲಲಾನ, ಲ್ಯಾಂಬರ್ಟ್. ಐವರೂ ಆ ಏಳನೇ ಸ್ಥಾನದ ತಂಡದವರು. ಮನೆಯ ಪಾಯ ನೆಲದ ಮೇಲೆ ಕಾಣುವುದಿಲ್ಲವೆಂದು ಅದನ್ನು ಲೆಕ್ಕದಿಂದ ಬಿಡಲಾಗದು.

ಹುಬ್ಬಳ್ಳಿ ಮಿಡ್‌ಫೀಲ್ಡ್:

ಆ ಐದು ಹೆಸರುಗಳ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಫಾಂಟೆ ಖರೀದಿಯ ವಿಷಯದಲ್ಲೂ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಏಳನೇ ಸ್ಥಾನಕ್ಕಷ್ಟೇ ಕಣ್ಣಿಟ್ಟ ಕ್ಲಬ್ ಜನವರಿಯಲ್ಲಿ ಅಂಥ ಆಟಗಾರನನ್ನು ಹುಡುಕುತ್ತಿರಲಿಲ್ಲ. ಪಾರ್ಡ್ಯೂ ಬಗ್ಗೆ ಮಾತ್ರ ನನ್ನ ನಿಲುವು ಬದಲಾಗಿಲ್ಲ. ತಂಡ ತಡವಾಗಿ ಜೋಡಣೆಯಾಯಿತೆಂಬುದು ಆಗಸ್ಟ್ ತಿಂಗಳಿಗೆ ಸಮಾಧಾನ ಕೊಡುತ್ತದೆ; ವರ್ಷವಿಡೀ ಕೈಬಿಟ್ಟ 14 ಡ್ರಾಗಳಿಗೆ ಕೊಡುವುದಿಲ್ಲ. ಅವುಗಳಲ್ಲಿ ನಾಲ್ಕನ್ನು ಗೆದ್ದಿದ್ದರೂ ಎಂಟು ಅಂಕ ಕೂಡಿ 81 ಆಗುತ್ತಿತ್ತು, ಹಡರ್ಸ್‌ಫೀಲ್ಡ್ ಹಿಂದೆ ಬೀಳುತ್ತಿತ್ತು. ಆ ಡ್ರಾಗಳಲ್ಲಿ ಎಷ್ಟು ಪಂದ್ಯಗಳಲ್ಲಿ ಮುನ್ನಡೆ ಬಿಟ್ಟುಕೊಟ್ಟರೆಂಬುದನ್ನು ಯಾರಾದರೂ ಪಂದ್ಯವಾರು ಕೂತು ನೋಡುವುದಾದರೆ ನಾನೂ ಜೊತೆಗೂಡುತ್ತೇನೆ.

ಲೆಕ್ಕಪತ್ರ:

ನಾನು ಸಿದ್ಧ. ತವರಿನ ಪಂದ್ಯಗಳನ್ನು ನಾನು ನೋಡುತ್ತೇನೆ, ಹೊರಗಿನವುಗಳನ್ನು ನೀವು ತೆಗೆದುಕೊಳ್ಳಿ. ಜನವರಿಗೆ ಮುಂಚಿನವು ಮತ್ತು ನಂತರದವುಗಳನ್ನು ಬೇರೆ ಬೇರೆ ಇಟ್ಟು ಬರೆದರೆ ಫಾಂಟೆ ಬಂದ ಮೇಲೆ ರಕ್ಷಣೆ ಎಷ್ಟು ಬದಲಾಯಿತೆಂಬುದೂ ಅದರಲ್ಲೇ ತಿಳಿಯುತ್ತದೆ.